ಸಹಿ ಹಾಕದ ನಾಯಕನ ನೆಲ

ಅಮೆರಿಕದ ಇಂಡಿಯಾನಾ ರಾಜ್ಯದ ಉತ್ತರ ಭಾಗದಲ್ಲಿ ಮಾರ್ಷಲ್ ಕೌಂಟಿ ಎಂಬ ಸೀಮೆಯಿದೆ. ಮೆಕ್ಕೆಜೋಳ, ಸೋಯಾ ಅವರೆಯ ಹೊಲಗಳು, ನಡುನಡುವೆ ಓಕ್ ಮರಗಳ ತೋಪುಗಳು, ತಗ್ಗಿನಲ್ಲಿ ಹರಡಿಕೊಂಡ ಸಣ್ಣಪುಟ್ಟ ಸರೋವರಗಳು. ಯೆಲ್ಲೋ ನದಿಯ ದಡದ ಪ್ಲಿಮತ್ ಪಟ್ಟಣ ಆ ಸೀಮೆಯ ಕೇಂದ್ರ. ರಾಜಧಾನಿಗಳು ಎದ್ದು ಬಿದ್ದ ನಾಡು ಇದಲ್ಲ. ಮಹಾಯುದ್ಧಗಳ ರಣಭೂಮಿಯೂ ಅಲ್ಲ. ಆದರೂ ಪ್ಲಿಮತ್ತಿನಿಂದ ನೈಋತ್ಯಕ್ಕೆ ಕೆಲವು ಮೈಲಿ ಹೋದರೆ, ಟ್ವಿನ್ ಲೇಕ್ಸ್ ಎಂಬ ಜೋಡಿ ಸರೋವರಗಳ ಸಮೀಪ, ಹೊಲಗಳ ನಡುವಿನ ರಸ್ತೆಯ ಬದಿಯಲ್ಲಿ ಎತ್ತರವಾದ ಗ್ರಾನೈಟ್ ಪೀಠವೊಂದರ ಮೇಲೆ ಒಬ್ಬ ಮೂಲನಿವಾಸಿ ನಾಯಕನ ವಿಗ್ರಹ ನಿಂತಿದೆ. ಅವನ ಹೆಸರು ಮೆನಾಮಿನಿ. ಅವನನ್ನು ಈ ನೆಲದಿಂದ ಹೊರಡಿಸಿದ್ದೂ ಇಂಡಿಯಾನಾ ಸರ್ಕಾರ, ಎಪ್ಪತ್ತೊಂದು ವರ್ಷಗಳ ಮೇಲೆ ಅವನ ವಿಗ್ರಹವನ್ನು ನಿಲ್ಲಿಸಿದ್ದೂ ಅದೇ ಸರ್ಕಾರ. ಈ ಎರಡು ಕೃತ್ಯಗಳ ನಡುವೆ ಒಂದು ಸೀಮೆಯ ಸಮಗ್ರ ಚರಿತ್ರೆ ಅಡಗಿದೆ.

ಅಮೆರಿಕದ ಮಧ್ಯಪಶ್ಚಿಮದ ಹಳ್ಳಿಗಾಡಿನಲ್ಲಿ ಸ್ಮಾರಕಗಳಿಗೆ ಬರವಿಲ್ಲ. ನ್ಯಾಯಾಲಯದ ಅಂಗಳದಲ್ಲಿ, ಸೇತುವೆಯ ಪಕ್ಕದಲ್ಲಿ, ಹೆದ್ದಾರಿಯ ತಿರುವಿನಲ್ಲಿ ಎರಕದ ಲೋಹದ ಫಲಕಗಳು, ಕಂಚಿನ ಪಟ್ಟಿ ಹೊತ್ತ ಬಂಡೆಗಳು ಸಿಗುತ್ತವೆ. ಇಲ್ಲಿ ಮೊದಲ ಮರದಿಮ್ಮಿಯ ಮನೆ ಕಟ್ಟಲಾಯಿತು, ಇಲ್ಲಿ ಮೊದಲ ಹಿಟ್ಟಿನ ಗಿರಣಿ ತಿರುಗಿತು, ಇಲ್ಲಿ ಮೊದಲ ಶಾಲೆ ನಡೆಯಿತು ಎಂದು ಅವು ಸಾರುತ್ತವೆ. ತಮ್ಮ ಹಿರಿಯರ ದುಡಿಮೆಯನ್ನು ಮರೆಯಬಾರದೆಂಬ ಮೊಮ್ಮಕ್ಕಳ ಆಸೆ ಅವುಗಳಲ್ಲಿದೆ, ಅದು ಗೌರವಕ್ಕೆ ಅರ್ಹವಾದ ಆಸೆ. ಆದರೆ ಅವುಗಳಲ್ಲಿ ಹೆಚ್ಚಿನವು ಕಾಲವನ್ನು ಮೊದಲ ಬಿಳಿಯ ಕುಟುಂಬದ ಬಂಡಿ ಬಂದು ನಿಂತ ದಿನದಿಂದ ಎಣಿಸತೊಡಗುತ್ತವೆ. ಆ ಬಂಡಿ ಬಂದಾಗ ಅಲ್ಲಿ ಬೆಂಕಿ ಉರಿಯುತ್ತಿದ್ದ ಒಲೆಗಳು ಯಾರವು ಎಂಬುದನ್ನು ಹೇಳುವ ಕಲ್ಲುಗಳು ಕಡಿಮೆ. ಮಾರ್ಷಲ್ ಕೌಂಟಿಯ ಕಲ್ಲು ಅದನ್ನು ಹೇಳಿತು, ಅದೂ ಬಹಳ ಮುಂಚೆಯೇ ಹೇಳಿತು. ಆ ಕಾರಣಕ್ಕಾಗಿಯೇ ಈ ಸಣ್ಣ ಸೀಮೆಯ ಕಥೆಯನ್ನು ವಿಸ್ತಾರವಾಗಿ ಹೇಳಬೇಕು.

ಮಿಷಿಗನ್ ಮಹಾಸರೋವರದ ದಕ್ಷಿಣ ದಿಕ್ಕಿನ ನೆಲವೆಲ್ಲ ಒಂದು ಕಾಲಕ್ಕೆ ಪೊಟವಾಟಮಿ ಜನರದು. ಒಜಿಬ್ವೆ, ಒಡಾವಾ ಜನರೊಡನೆ ಕೂಡಿ ಅವರು ಮೂರು ಬೆಂಕಿಗಳ ಕೂಟ ಎಂಬ ಒಕ್ಕೂಟವನ್ನು ಕಟ್ಟಿಕೊಂಡಿದ್ದರು. ಬೇಸಿಗೆಯಲ್ಲಿ ನೀರಿನ ದಡದಲ್ಲಿ ಊರು, ಮೆಕ್ಕೆಜೋಳ, ಅವರೆ, ಕುಂಬಳದ ತೋಟ. ಚಳಿಗಾಲದಲ್ಲಿ ಬೇಟೆಯ ಬೀಡು. ವಸಂತದ ಮೊದಲಲ್ಲಿ ಮೇಪಲ್ ಮರದ ರಸವನ್ನು ಕಾಯಿಸಿ ಸಕ್ಕರೆ ಮಾಡುವ ಸುಗ್ಗಿ. ಫ್ರೆಂಚ್ ವರ್ತಕರೊಡನೆ ಅವರಿಗೆ ತಲೆಮಾರುಗಳ ವ್ಯಾಪಾರವಿತ್ತು, ಮದುವೆಯ ಸಂಬಂಧಗಳಿದ್ದವು. ಕ್ಯಾಥಲಿಕ್ ಧರ್ಮ ಅವರ ಊರುಗಳಿಗೆ ಬಂದದ್ದು ಆ ದಾರಿಯಿಂದಲೇ.

1816ರಲ್ಲಿ ಇಂಡಿಯಾನಾ ಒಕ್ಕೂಟವನ್ನು ಸೇರಿ ರಾಜ್ಯವಾದಾಗ ಅದರ ಉತ್ತರದ ಬಹುಪಾಲು ಇನ್ನೂ ಮೂಲನಿವಾಸಿಗಳ ಕೈಯಲ್ಲೇ ಇತ್ತು. ಆಮೇಲಿನ ಇಪ್ಪತ್ತು ವರ್ಷ ಒಡಂಬಡಿಕೆಗಳ ಕಾಲ. ಒಂದೊಂದು ಒಡಂಬಡಿಕೆಯೂ ನೆಲದ ಒಂದೊಂದು ತುಂಡನ್ನು ಕತ್ತರಿಸಿಕೊಂಡಿತು. 1826ರ ಅಕ್ಟೋಬರಿನಲ್ಲಿ ಮಿಸಿಸಿನೆವಾ ನದಿಯ ಬಳಿ ನಡೆದ ಮಾತುಕತೆಯಲ್ಲಿ ಪೊಟವಾಟಮಿ ನಾಯಕರು ಒಂದು ರಸ್ತೆಗೆಂದು ಜಾಗ ಕೊಟ್ಟರು. ಮಿಷಿಗನ್ ಸರೋವರದಿಂದ ಇಂಡಿಯಾನಾಪೊಲಿಸ್ ಮೂಲಕ ಒಹಾಯೊ ನದಿಯವರೆಗೆ ಹೋಗಬೇಕಾದ ಆ ರಸ್ತೆಗೆ ನೂರು ಅಡಿ ಅಗಲದ ಪಟ್ಟಿ, ಅದರ ವೆಚ್ಚಕ್ಕಾಗಿ ಮೈಲಿಗೊಂದು ಚದರ ಮೈಲಿ ಭೂಮಿ. ಮಿಷಿಗನ್ ರಸ್ತೆ ಎಂದು ಅದಕ್ಕೆ ಹೆಸರಾಯಿತು. ಇಂದಿಗೂ ಪ್ಲಿಮತ್ತಿನ ಪೇಟೆಯ ನಡುವೆ ಹಾದುಹೋಗುವ ಬೀದಿ ಅದೇ. ತಾವು ಜಾಗ ಕೊಟ್ಟ ಆ ರಸ್ತೆಯಲ್ಲೇ ಹನ್ನೆರಡು ವರ್ಷಗಳ ಬಳಿಕ ಬಂದೂಕಿನ ಕಾವಲಿನಲ್ಲಿ ನಡೆಯಬೇಕಾಗುತ್ತದೆಂದು ಅಂದು ಗುರುತು ಹಾಕಿದವರಲ್ಲಿ ಒಬ್ಬರೂ ಕಂಡಿರಲಾರರು.

ಮೆನಾಮಿನಿಯ ಊರು ಟ್ವಿನ್ ಲೇಕ್ಸ್ ಬಳಿ ಇತ್ತು. ಅವನು ಯುದ್ಧವೀರನೆಂದು ಹೆಸರಾದವನಲ್ಲ, ಉಪದೇಶಕನೆಂದು ಹೆಸರಾದವನು. 1820ರ ದಶಕದ ಆರಂಭದಲ್ಲಿ ಅವನನ್ನು ಕಂಡ ಬ್ಯಾಪ್ಟಿಸ್ಟ್ ಮಿಷನರಿ ಐಸಾಕ್ ಮೆಕಾಯ್, ಈ ನಾಯಕ ಕುಡಿತ ಬಿಡಿರೆಂದು, ಕಳವು ಕೊಲೆಗಳಿಂದ ದೂರವಿರಿರೆಂದು ತನ್ನ ಜನಕ್ಕೆ ಬೋಧಿಸುತ್ತಿದ್ದನೆಂದು ಬರೆದಿಟ್ಟಿದ್ದಾನೆ. ತಾನು ಮಾಡಿದ ಉಪದೇಶಗಳ ಲೆಕ್ಕವನ್ನು ಅವನು ಒಂದು ಕೋಲಿನ ಮೇಲೆ ಗೀರು ಕೊರೆದು ಇಟ್ಟುಕೊಂಡಿದ್ದನಂತೆ. ಮುಂದೆ ಅವನು ಕ್ಯಾಥಲಿಕ್ ದೀಕ್ಷೆ ಪಡೆದ. ಊರಿನಲ್ಲಿ ಮರದಿಮ್ಮಿಗಳ ಪ್ರಾರ್ಥನಾಮಂದಿರವೊಂದು ಎದ್ದಿತು. ಬೆಲ್ಜಿಯಂನಿಂದ ಬಂದ ಲೂಯಿ ದೆಸೇಯ್ ಎಂಬ ಪಾದ್ರಿ ಅಲ್ಲಿ ಸೇವೆ ಮಾಡಿ 1837ರಲ್ಲಿ ತೀರಿಕೊಂಡರು. ಹೆಂಡದ ಪೀಪಾಯಿಗಳೇ ಒಡಂಬಡಿಕೆಗಳನ್ನು ಬರೆಸುತ್ತಿದ್ದ ಕಾಲದಲ್ಲಿ ಕುಡಿಯದ ನಾಯಕ ಎಷ್ಟು ದೊಡ್ಡ ಅಡ್ಡಿಯೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

1832ರ ಅಕ್ಟೋಬರಿನಲ್ಲಿ ಟಿಪ್ಪೆಕನೂ ನದಿಯ ದಂಡೆಯಲ್ಲಿ ಮತ್ತೆ ದೊಡ್ಡ ಮಾತುಕತೆ ನಡೆಯಿತು. ಉತ್ತರ ಇಂಡಿಯಾನಾದ ವಿಶಾಲ ಭೂಭಾಗ ಸರ್ಕಾರಕ್ಕೆ ಹೋಯಿತು. ಆದರೆ ಕೆಲವು ತುಂಡುಗಳನ್ನು ಅಲ್ಲಲ್ಲಿ ಮೂಲನಿವಾಸಿಗಳಿಗೇ ಉಳಿಸಲಾಯಿತು. ಮೆನಾಮಿನಿ ಮತ್ತು ಇನ್ನು ಮೂವರು ನಾಯಕರ ಪಾಲಿಗೆ ಒಟ್ಟಾಗಿ ಬಂದದ್ದು 22 ಸೆಕ್ಷನ್, ಎಂದರೆ 22 ಚದರ ಮೈಲಿ. ನಾಲ್ವರಿಗೂ ಸಮವಾದ ಹಕ್ಕು. ನಾಲ್ಕು ವರ್ಷ ಕಳೆಯಿತು. 1836ರ ಆಗಸ್ಟ್ 5ರಂದು ಯೆಲ್ಲೋ ನದಿಯ ದಡದಲ್ಲಿ ಸರ್ಕಾರದ ಪ್ರತಿನಿಧಿ ಏಬಲ್ ಪೆಪ್ಪರ್ ಆ 22 ಸೆಕ್ಷನ್ನುಗಳನ್ನೂ ಕೊಂಡನು. ಬೆಲೆ 14,080 ಡಾಲರ್. ಸೆಕ್ಷನ್ನಿಗೆ 640 ಎಕರೆಯಂತೆ ಲೆಕ್ಕ ಹಾಕಿದರೆ ಎಕರೆಗೆ ಸರಿಯಾಗಿ ಒಂದು ಡಾಲರ್. ಸರ್ಕಾರ ಅದನ್ನು ಮಾರುತ್ತಿದ್ದ ದರ ಒಂದೂಕಾಲು ಡಾಲರ್. ಎರಡು ವರ್ಷದೊಳಗೆ ಜಾಗ ಬಿಟ್ಟು ಹೋಗಬೇಕೆಂಬುದು ಕರಾರು. ಉಳಿದ ಮೂವರು ನಾಯಕರ ಗುರುತು ಆ ಹಾಳೆಯ ಮೇಲೆ ಬಿತ್ತು. ಮೆನಾಮಿನಿಯದು ಬೀಳಲಿಲ್ಲ.

ಅವನ ವಾದ ಸರಳವಾಗಿತ್ತು. ನಾನು ಮಾರಿಲ್ಲ, ಮಾರುವುದಿಲ್ಲ. ನನ್ನ ಎಳೆಯರಿಗೆ ಕುಡಿಸಿ ಗುರುತು ಹಾಕಿಸಿಕೊಂಡದ್ದನ್ನು ಅಧ್ಯಕ್ಷರು ಅರಿಯರು, ಅರಿತರೆ ನನ್ನ ನೆಲ ನನಗೇ ಬಿಡುತ್ತಾರೆ ಎಂಬ ಅರ್ಥದ ಮಾತನ್ನು ಅವನು ಅಧಿಕಾರಿಗಳೆದುರು ಆಡಿದನೆಂದು ದಾಖಲೆಯಾಗಿದೆ. ದೇಶದ ಮೇಲಿನ ಅಧಿಕಾರದಲ್ಲಿ ಅವನಿಗಿದ್ದ ಈ ನಂಬಿಕೆ ಓದುವವರನ್ನು ಇಂದಿಗೂ ನೋಯಿಸುತ್ತದೆ. ಏಕೆಂದರೆ ಮೇಲಿನ ಅಧಿಕಾರ ತನ್ನ ತೀರ್ಮಾನವನ್ನು ಆಗಲೇ ಮಾಡಿ ಮುಗಿಸಿತ್ತು. 1830ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಅಂಕಿತ ಹಾಕಿದ ಸ್ಥಳಾಂತರ ಕಾಯ್ದೆಯ ಪ್ರಕಾರ ಮಿಸಿಸಿಪ್ಪಿಯ ಪೂರ್ವದ ಮೂಲನಿವಾಸಿಗಳು ಪಶ್ಚಿಮಕ್ಕೆ ಹೋಗತಕ್ಕದ್ದು ಎಂಬುದು ದೇಶದ ನೀತಿಯಾಗಿತ್ತು. ದಕ್ಷಿಣದಲ್ಲಿ ಚೆರೋಕಿ ಜನರ ಕಣ್ಣೀರಿನ ದಾರಿ ನಡೆದದ್ದೂ ಇದೇ 1838ರಲ್ಲಿ.

ಇಲ್ಲಿ ಮೊದಲ ನೆಲಸಿಗರ ಮಾತನ್ನೂ ಹೇಳದಿದ್ದರೆ ಕಥನ ನ್ಯಾಯವಾಗುವುದಿಲ್ಲ. ಮಾರ್ಷಲ್ ಕೌಂಟಿಯ ಆಡಳಿತ ಆರಂಭವಾದದ್ದು 1836ರಲ್ಲಿ. ಹಿಂದಿನ ವರ್ಷ ತೀರಿಕೊಂಡಿದ್ದ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಅವರ ಹೆಸರನ್ನು ಅದಕ್ಕಿಟ್ಟರು. ಪೂರ್ವದ ರಾಜ್ಯಗಳಿಂದ, ದಕ್ಷಿಣ ಇಂಡಿಯಾನಾದಿಂದ ಬಡ ಕುಟುಂಬಗಳು ಎತ್ತಿನ ಬಂಡಿಯಲ್ಲಿ ಮಿಷಿಗನ್ ರಸ್ತೆಯ ಕೆಸರನ್ನು ತುಳಿದು ಬಂದವು. ದೊಡ್ಡ ಮರಗಳ ಸುತ್ತ ತೊಗಟೆ ಕೆತ್ತಿ ಒಣಗಿಸಿದರು, ಬೊಡ್ಡೆಗಳ ನಡುವೆಯೇ ಮೆಕ್ಕೆಜೋಳ ಬಿತ್ತಿದರು. ಜೇಡಿಮಣ್ಣು ಮೆತ್ತಿದ ಕಡ್ಡಿಗಳ ಹೊಗೆಗೂಡು, ಮಣ್ಣಿನ ನೆಲ, ಒಂದೇ ಕೋಣೆಯಲ್ಲಿ ಹತ್ತು ಜನ. ಜೌಗು ನೆಲದಿಂದ ಏಳುವ ಸೊಳ್ಳೆಗಳ ಚಳಿಜ್ವರ ಮನೆಮನೆಯನ್ನೂ ಹಿಡಿದು ನಡುಗಿಸಿತು. ಮಕ್ಕಳು ಸತ್ತರು, ಹೆರಿಗೆಯಲ್ಲಿ ತಾಯಂದಿರು ಸತ್ತರು. ಹಳೆಯ ಸ್ಮಶಾನಗಳ ಸಣ್ಣ ಕಲ್ಲುಗಳೇ ಇದಕ್ಕೆ ಸಾಕ್ಷಿ. ಆ ಜನರ ಛಲ ಸುಳ್ಳಲ್ಲ, ಕಷ್ಟ ಸುಳ್ಳಲ್ಲ. 1837ರಲ್ಲಿ ದೇಶದ ಬ್ಯಾಂಕುಗಳು ಕುಸಿದು ಹಣವೇ ಮಾಯವಾದಾಗ ಒಂದು ತುಂಡು ನೆಲ ಅವರ ಪಾಲಿಗೆ ಬದುಕಿನ ಏಕೈಕ ಭರವಸೆಯಾಗಿತ್ತು.

ಆ ಭರವಸೆಗೆ ಕಾನೂನೊಂದು ಕಿಚ್ಚು ಹಚ್ಚಿತು. 1838ರ ಬೇಸಿಗೆಯಲ್ಲಿ ದೇಶದ ಶಾಸನಸಭೆ ಮಾಡಿದ ಕಾಯ್ದೆಯಂತೆ, ಸರ್ಕಾರಿ ಜಮೀನಿನಲ್ಲಿ ಮೊದಲೇ ಬೀಡುಬಿಟ್ಟವನಿಗೆ ಅದನ್ನು ಕೊಳ್ಳುವ ಮೊದಲ ಹಕ್ಕು. ಮೆನಾಮಿನಿಯ 22 ಸೆಕ್ಷನ್ನು ಆಗಸ್ಟ್ 5ಕ್ಕೆ ಸರ್ಕಾರದ್ದಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಗಡುವು ಮುಗಿಯುವ ಮೊದಲೇ ಜನ ಒಳನುಗ್ಗಿದರು. ಊರಿನವರಿಗೂ ನುಗ್ಗಿದವರಿಗೂ ಜಗಳವಾಯಿತು. ಒಬ್ಬ ಬಿಳಿಯನ ಗುಡಿಸಲಿನ ಬಾಗಿಲಿಗೆ ಕೊಡಲಿ ಏಟು ಬಿತ್ತು, ಅದಕ್ಕುತ್ತರವಾಗಿ ಮೂಲನಿವಾಸಿಗಳ ಗುಡಿಸಲುಗಳು ಉರಿದವು. ರಕ್ತ ಹರಿದಿರಲಿಲ್ಲ. ಆದರೂ ರಾಜ್ಯಪಾಲ ಡೇವಿಡ್ ವಾಲೇಸ್‌ಗೆ ಇಷ್ಟು ಸಾಕಾಯಿತು. ನೂರು ಮಂದಿ ಸ್ವಯಂಸೇವಕ ಸೈನಿಕರನ್ನು ಕೂಡಿಸಲು ಅಪ್ಪಣೆ ಕೊಟ್ಟನು. ಈ ವಾಲೇಸ್‌ನ ಮಗ ಲ್ಯೂ ವಾಲೇಸ್ ಮುಂದೆ ‘ಬೆನ್‌ಹರ್’ ಕಾದಂಬರಿ ಬರೆದು ಜಗತ್ತಿಗೆ ಪರಿಚಿತನಾದ.

ಪಡೆಯನ್ನು ನಡೆಸಿದವನು ಜನರಲ್ ಜಾನ್ ಟಿಪ್ಟನ್. ಆಗ ಅವನು ದೇಶದ ಸೆನೆಟಿನ ಸದಸ್ಯ. 1811ರ ಟಿಪ್ಪೆಕನೂ ಕಾಳಗದಲ್ಲಿ ಹೋರಾಡಿದ್ದವನು. ಸತ್ತ ತನ್ನ ಸಂಗಾತಿಗಳ ಗೋರಿಗಳು ಹಾಳಾಗಬಾರದೆಂದು ಆ ರಣಭೂಮಿಯನ್ನು ಸ್ವಂತ ಹಣದಿಂದ ಕೊಂಡು, 1836ರಲ್ಲಿ ರಾಜ್ಯಕ್ಕೆ ಒಪ್ಪಿಸಿದವನು. ತನ್ನವರ ಗೋರಿ ಎಂದರೆ ಏನೆಂದು ಬಲ್ಲ ಮನುಷ್ಯನೇ ಇನ್ನೊಂದು ಜನವನ್ನು ಅವರ ಪೂರ್ವಿಕರ ಗೋರಿಗಳಿಂದ ಎಬ್ಬಿಸಿ ಕಳಿಸಿದ. ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಇದೇ. ಕ್ರೂರಿಗಳು ಕ್ರೌರ್ಯ ಮಾಡಿದರೆ ಅರ್ಥವಾಗುತ್ತದೆ. ಟಿಪ್ಟನ್ ಕ್ರೂರಿಯಲ್ಲ, ತನ್ನ ಕಾಲದ ಗೌರವಾನ್ವಿತ ಪ್ರಜೆ.

ಆಗಸ್ಟ್ ತಿಂಗಳ ಕೊನೆಯ ದಿನಗಳಲ್ಲಿ ಪಡೆ ಟ್ವಿನ್ ಲೇಕ್ಸ್ ತಲುಪಿತು. ಸಭೆಗೆಂದು ಜನ ಸೇರಿದ್ದ ಮಂದಿರವನ್ನು ಸೈನಿಕರು ಸುತ್ತುವರಿದರು. ಆಮೇಲೆ ಸುತ್ತಮುತ್ತಲ ಹಳ್ಳಿಗಳಿಗೆ ಕುದುರೆ ಸವಾರರು ಹೋಗಿ ಸಿಕ್ಕ ಸಿಕ್ಕ ಕುಟುಂಬಗಳನ್ನು ಕರೆತಂದರು. ಹೊಲದಲ್ಲಿ ಮೆಕ್ಕೆಜೋಳ ಇನ್ನೂ ಕೊಯ್ಲಾಗಿರಲಿಲ್ಲ. 1838ರ ಸೆಪ್ಟೆಂಬರ್ 4ರಂದು ಬೆಳಿಗ್ಗೆ ಮೆರವಣಿಗೆ ಹೊರಟಿತು. ಪಟ್ಟಿಯಲ್ಲಿ ಸೇರಿದ ಹೆಸರುಗಳು 859. ಮೆನಾಮಿನಿ ಮತ್ತು ಇನ್ನಿಬ್ಬರು ನಾಯಕರನ್ನು ಸೆರೆಬಂಡಿಯಲ್ಲಿ ಕೂರಿಸಲಾಗಿತ್ತು. ಉಳಿದವರಲ್ಲಿ ಕೆಲವರು ಕುದುರೆಯ ಮೇಲೆ, ಹಲವರು ಕಾಲ್ನಡಿಗೆಯಲ್ಲಿ.

ಆ ವರ್ಷ ಮಳೆ ಕೈಕೊಟ್ಟಿತ್ತು. ತೊರೆಗಳು ಬತ್ತಿದ್ದವು, ಇದ್ದ ನೀರು ಕೊಳೆತಿತ್ತು. ಟಿಪ್ಪೆಕನೂ ನದಿಯ ಬಳಿ ಮೊದಲ ರಾತ್ರಿ, ಮರುದಿನ ರೋಚೆಸ್ಟರ್ ಪಟ್ಟಣದ ಬೀದಿಯಲ್ಲಿ ಜನ ನೋಡುತ್ತಿರುವಂತೆ ಸಾಲಾಗಿ ನಡಿಗೆ. ಐವತ್ತಕ್ಕೂ ಹೆಚ್ಚು ಜನರನ್ನು ಕಾಯಿಲೆಯ ಕಾರಣದಿಂದ ಮೊದಲ ಬಿಡಾರದಲ್ಲೇ ಬಿಟ್ಟುಹೋಗಬೇಕಾಯಿತು. ಎರಡು ಮೂರು ದಿನಗಳಲ್ಲೇ ಮೊದಲ ಸಾವು, ಅದು ಒಂದು ಮಗುವಿನದು. ಲೋಗನ್ಸ್‌ಪೋರ್ಟ್ ತಲುಪುವ ಹೊತ್ತಿಗೆ ನೂರಾರು ಜನ ಜ್ವರದಲ್ಲಿ ಬೇಯುತ್ತಿದ್ದರು. ವಿಷಮಶೀತಜ್ವರ ಗುಂಪನ್ನು ಹಿಡಿದಿತ್ತು. ಜೆಸ್ಸಿ ಡಗ್ಲಸ್ ಎಂಬ ಗುಮಾಸ್ತ ದಿನದಿನದ ಮೈಲಿಗಳನ್ನು, ಬಿಡಾರಗಳನ್ನು, ಸಾವುಗಳನ್ನು ದಿನಚರಿಯಲ್ಲಿ ಬರೆಯುತ್ತ ಹೋದ. ಭಾವನೆಯ ಸೋಂಕಿಲ್ಲದ ಆ ಸರ್ಕಾರಿ ದಿನಚರಿಯಿಂದಲೇ ಇಂದು ನಮಗೆ ಆ ದಾರಿ ಹೆಜ್ಜೆ ಹೆಜ್ಜೆಯಾಗಿ ತಿಳಿದಿದೆ. ಇಂಗ್ಲೆಂಡಿನಿಂದ ಬಂದಿದ್ದ ಜಾರ್ಜ್ ವಿಂಟರ್ ಎಂಬ ಚಿತ್ರಕಾರ ಬಿಡಾರಗಳಿಗೆ ಬಂದು ಮುಖಗಳನ್ನು, ಸಾಲುಗಳನ್ನು ಪೆನ್ಸಿಲಿನಲ್ಲಿ ಹಿಡಿದಿಟ್ಟ.

ಬೆಂಜಮಿನ್ ಪೆತಿ ಈ ಕಥೆಯಲ್ಲಿ ಪ್ರವೇಶಿಸುವುದು ಇಲ್ಲಿ. ಫ್ರಾನ್ಸಿನ ರೆನ್ ನಗರದ ವಕೀಲ, 1811ರಲ್ಲಿ ಹುಟ್ಟಿದವನು. ವಿನ್ಸೆನ್ಸ್‌ನ ಬಿಷಪ್ ಸಿಮೋನ್ ಬ್ರುತೆಯ ಮಾತಿಗೆ ಮನಸೋತು, ವಕೀಲಿ ತೊರೆದು ಸಮುದ್ರ ದಾಟಿದ. 1837ರ ಅಕ್ಟೋಬರಿನಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದು, ತೀರಿಕೊಂಡ ದೆಸೇಯ್ ಅವರ ಜಾಗಕ್ಕೆ ಟ್ವಿನ್ ಲೇಕ್ಸ್‌ಗೆ ಬಂದ. ಹೆಚ್ಚೆಂದರೆ ಹತ್ತು ತಿಂಗಳು ಅವರ ನಡುವೆ ಇದ್ದಿರಬಹುದು. ಅಷ್ಟರಲ್ಲಿ ಅವರ ಭಾಷೆ ಕಲಿಯತೊಡಗಿದ, ಅವರ ಪರವಾಗಿ ಅಧಿಕಾರಿಗಳಿಗೆ ಪತ್ರ ಬರೆದ. ಟಿಪ್ಟನ್‌ಗೆ ಅವನ ಮೇಲೆ ಸಿಟ್ಟಿತ್ತು. ಆದರೆ ಗುಂಪಿನಲ್ಲಿ ಸಾವು ಹೆಚ್ಚಿದಾಗ ಅವರೊಡನೆ ಹೋಗಲು ಪೆತಿಗೆ ಬಿಷಪರ ಅನುಮತಿಯೂ ಸಿಕ್ಕಿತು, ಪಡೆಯ ಒಪ್ಪಿಗೆಯೂ ಸಿಕ್ಕಿತು. ಸೆಪ್ಟೆಂಬರ್ 16ರಂದು ಇಲಿನಾಯ್ ಗಡಿಯ ಡ್ಯಾನ್ವಿಲ್ ಬಳಿ ಅವನು ತನ್ನ ಜನರನ್ನು ಕೂಡಿಕೊಂಡ. ಧೂಳಿನ ಮೋಡ, ಮುಂದೆ ಬಾವುಟ ಹಿಡಿದ ಸವಾರ, ಸೆರೆಬಂಡಿಯಲ್ಲಿ ನಾಯಕರು, ಒಬ್ಬರ ಹಿಂದೊಬ್ಬರಾಗಿ ಇನ್ನೂರೈವತ್ತು ಮುನ್ನೂರು ಕುದುರೆಗಳು, ಎರಡು ಪಕ್ಕದಲ್ಲಿ ಅವಸರಪಡಿಸುವ ಸೈನಿಕರು, ಬಂಡಿಗಳಲ್ಲಿ ಬಿಸಿಲಿಗೆ ಬಾಡಿ ಮಲಗಿದ ರೋಗಿಗಳು – ತಾನು ಕಂಡ ಈ ನೋಟವನ್ನು ಅವನು ಬಿಷಪರಿಗೆ ಬರೆದ ಪತ್ರದಲ್ಲಿ ಬಿಡಿಸಿಟ್ಟಿದ್ದಾನೆ. ನಾಯಕರನ್ನು ಸೆರೆಬಂಡಿಯಿಂದ ಇಳಿಸಬೇಕೆಂದು ಜಾಮೀನು ನಿಂತದ್ದೂ ಅವನೇ. ಅವನ ಮಾತು ನಡೆಯಿತು. ಮೆನಾಮಿನಿ ಬಂಡಿಯಿಂದ ಇಳಿದು ತನ್ನ ಜನರೊಡನೆ ಸೇರಿದ.

ಕೆಲವು ದಿನಗಳ ಮೇಲೆ ಟಿಪ್ಟನ್ ತನ್ನ ಪಡೆಯೊಡನೆ ಹಿಂದಿರುಗಿದ. ಮುಂದಿನ ಹೊಣೆಯನ್ನು ಹೊತ್ತವನು ವಿಲಿಯಂ ಪೋಕ್, ಮಿಷಿಗನ್ ರಸ್ತೆಯ ಕೆಲಸವನ್ನು ನೋಡಿಕೊಂಡವರಲ್ಲಿ ಒಬ್ಬ. ಇಲಿನಾಯ್ ಬಯಲನ್ನು ದಾಟಿ, ಅಕ್ಟೋಬರಿನಲ್ಲಿ ಕ್ವಿನ್ಸಿ ಪಟ್ಟಣದ ಬಳಿ ಮಿಸಿಸಿಪ್ಪಿಯನ್ನು ದಾಟಿ, ಮಿಸೂರಿಯ ಉದ್ದಕ್ಕೂ ನಡೆದು, ನವೆಂಬರ್ 4ರಂದು ಇಂದಿನ ಕ್ಯಾನ್ಸಸ್ ರಾಜ್ಯದ ಒಸಾವಾಟಮಿ ಸಮೀಪ ಅವರು ನಿಂತರು. ಅರವತ್ತೊಂದು ದಿನ, 660 ಮೈಲಿ. ನಲವತ್ತಕ್ಕೂ ಮಿಕ್ಕಿ ಸಾವು, ಹೆಚ್ಚಿನವರು ಮಕ್ಕಳು. ಕೆಲವರು ದಾರಿಯಲ್ಲಿ ತಪ್ಪಿಸಿಕೊಂಡರು. ಕೊನೆಗೆ ಒಪ್ಪಿಸಲ್ಪಟ್ಟವರ ಲೆಕ್ಕ 756. ಅವರಿಗೆಂದು ಕಟ್ಟಿರಬೇಕಾಗಿದ್ದ ಮನೆಗಳು ಅಲ್ಲಿರಲಿಲ್ಲ. ಚಳಿಗಾಲ ಎದುರಿಗೇ ಇತ್ತು.

ಪೆತಿಗೆ ದಾರಿಯಲ್ಲೇ ಜ್ವರ ಅಂಟಿತ್ತು. 1839ರ ಆರಂಭದಲ್ಲಿ ಹಿಂದಿರುಗಲು ಹೊರಟವನು ಸೇಂಟ್ ಲೂಯಿಸ್ ವರೆಗೆ ಹೇಗೋ ಬಂದು ತಲುಪಿದ. ಫೆಬ್ರವರಿ 10ರಂದು ಅಲ್ಲೇ ಕಣ್ಮುಚ್ಚಿದ. ವಯಸ್ಸು ಇಪ್ಪತ್ತೇಳು. ಅದೇ ಏಪ್ರಿಲಿನಲ್ಲಿ ಟಿಪ್ಟನ್ ಕೂಡ ಸತ್ತನು. ಮೆನಾಮಿನಿ 1841ರಲ್ಲಿ ಕ್ಯಾನ್ಸಸ್‌ನಲ್ಲಿ ತೀರಿಕೊಂಡನೆಂದು ದಾಖಲೆ ಹೇಳುತ್ತದೆ. ಶುಗರ್ ಕ್ರೀಕ್ ಎಂಬಲ್ಲಿ ಬೀಡುಬಿಟ್ಟ ಆ ಜನರ ನಡುವೆ ಮುಂದಿನ ಹತ್ತು ವರ್ಷಗಳಲ್ಲಿ ಸತ್ತವರು ಆರುನೂರಕ್ಕೂ ಹೆಚ್ಚು.

ಇತ್ತ ಮಾರ್ಷಲ್ ಕೌಂಟಿ ಬೆಳೆಯಿತು. ಕಾಡು ಕರಗಿತು, ಜೌಗು ನೆಲ ಬಸಿದು ಹೊಲವಾಯಿತು. 1856ರಲ್ಲಿ ರೈಲು ಬಂತು. 1870ರ ದಶಕದ ಮೊದಲಲ್ಲಿ ಪ್ಲಿಮತ್ತಿನ ನಡುವೆ ಗೋಪುರವುಳ್ಳ ಇಟ್ಟಿಗೆಯ ನ್ಯಾಯಾಲಯ ಎದ್ದಿತು. ಮರದಿಮ್ಮಿಯ ಮನೆಗಳಲ್ಲಿ ಹುಟ್ಟಿದವರು ಮುದುಕರಾದರು. ಮಧ್ಯಪಶ್ಚಿಮದ ಎಲ್ಲ ಕಡೆಯಂತೆ ಇಲ್ಲಿಯೂ ಹಳೆಯ ನೆಲಸಿಗರು ವರ್ಷಕ್ಕೊಮ್ಮೆ ಕೂಡಿ ಹಳೆಯ ಕಥೆ ಹೇಳಿಕೊಳ್ಳುವ ಪದ್ಧತಿ ಬಂತು. ಕೌಂಟಿಗಳ ದಪ್ಪ ದಪ್ಪ ಚರಿತ್ರೆಗಳು ಅಚ್ಚಾದದ್ದು, ಬಂಡೆಗಳಿಗೆ ಕಂಚಿನ ಪಟ್ಟಿಗಳು ಬಿದ್ದದ್ದು ಈ ಪೀಳಿಗೆ ಕಣ್ಮರೆಯಾಗುವ ಆತಂಕದಿಂದಲೇ. ಆ ಆತಂಕ ತಮ್ಮವರ ಮಟ್ಟಿಗೆ ನಿಂತುಬಿಡಬಹುದಿತ್ತು. ಬೇರೆಡೆ ಹೆಚ್ಚಾಗಿ ಹಾಗೆಯೇ ನಿಂತಿತು.

ಇಲ್ಲಿ ಹಾಗಾಗದಂತೆ ಮಾಡಿದವನು ಡೇನಿಯಲ್ ಮ್ಯಾಕ್‌ಡೊನಾಲ್ಡ್. 1833ರಲ್ಲಿ ಹುಟ್ಟಿದ ಅವನು ಮೂರು ವರ್ಷದ ಕೂಸಾಗಿ ತಂದೆತಾಯಿಗಳ ಜೊತೆ 1836ರಲ್ಲಿ ಮಾರ್ಷಲ್ ಕೌಂಟಿಗೆ ಬಂದವನು. ಪೊಟವಾಟಮಿ ಜನರ ಮೆರವಣಿಗೆ ಹೊರಟಾಗ ಅವನಿಗೆ ಐದು ವರ್ಷ. ಮೊದಲ ನೆಲಸಿಗರ ಮಗ, ಆ ಪರಂಪರೆಯ ವಾರಸುದಾರ. ಪ್ಲಿಮತ್ತಿನಲ್ಲಿ ಪತ್ರಿಕೆಯ ಸಂಪಾದಕನಾಗಿ, ರಾಜ್ಯದ ಶಾಸನಸಭೆಯ ಪ್ರತಿನಿಧಿಯಾಗಿ ಹೆಸರು ಮಾಡಿದ. ಇಳಿವಯಸ್ಸಿನಲ್ಲಿ ಹಳೆಯ ಕಾಗದಪತ್ರಗಳನ್ನು ಹುಡುಕಿ, ಬದುಕುಳಿದ ಸಾಕ್ಷಿಗಳ ಮಾತು ಕೇಳಿ, ಪೊಟವಾಟಮಿಗಳ ಸ್ಥಳಾಂತರದ ಬಗ್ಗೆ 1899ರಲ್ಲಿ ಪುಸ್ತಕವೊಂದನ್ನು ಹೊರತಂದ. ಮೆನಾಮಿನಿ ತನ್ನ ನೆಲವನ್ನು ಎಂದೂ ಮಾರಿರಲಿಲ್ಲ, ಆದ್ದರಿಂದ ಅವನನ್ನು ಹೊರದೂಡಿದ್ದು ಅನ್ಯಾಯ ಎಂಬುದು ಅವನ ತೀರ್ಪು. ಆ ನೆಲದ ಮೇಲೆ ಮನೆ ಕಟ್ಟಿಕೊಂಡವರ ನಡುವೆಯೇ ನಿಂತು ಅವನು ಇದನ್ನು ಹೇಳಿದ ಎಂಬುದನ್ನು ಮರೆಯಬಾರದು.

ಬರೆದು ಸುಮ್ಮನಾಗಲಿಲ್ಲ. 1905ರ ಫೆಬ್ರವರಿಯಲ್ಲಿ ಶಾಸನಸಭೆಯಲ್ಲಿ ಎದ್ದು, ಟ್ವಿನ್ ಲೇಕ್ಸ್ ಬಳಿ ಸ್ಮಾರಕ ಬೇಕೆಂದು ಮಸೂದೆಯ ಪರ ದೀರ್ಘವಾಗಿ ಮಾತನಾಡಿದ. ಅಂದು ಅದು ಕೈಗೂಡಲಿಲ್ಲ. 1907ರಲ್ಲಿ ಕೈಗೂಡಿತು, ರಾಜ್ಯ 2,500 ಡಾಲರ್ ಮಂಜೂರು ಮಾಡಿತು. ಜಾಗವನ್ನು ಅಲ್ಲಿನವರೇ ಒಬ್ಬರು ದಾನವಾಗಿ ಕೊಟ್ಟರು. 1909ರ ಸೆಪ್ಟೆಂಬರ್ 4ರಂದು, ಮೆರವಣಿಗೆ ಹೊರಟ ಅದೇ ತಾರೀಖಿನಂದು, ಜನಸ್ತೋಮದ ನಡುವೆ ಪೊಕಾಗನ್ ಮನೆತನದ ಪೊಟವಾಟಮಿ ಹೆಣ್ಣುಮಗಳೊಬ್ಬಳು ವಿಗ್ರಹದ ತೆರೆ ಸರಿಸಿದಳು. ಶಾಸನಸಭೆಯ ಕಾನೂನಿನ ಮೂಲಕ ಮೂಲನಿವಾಸಿಯೊಬ್ಬನಿಗೆ ಅಮೆರಿಕದಲ್ಲಿ ನಿಂತ ಮೊದಲ ಸ್ಮಾರಕ ಇದು ಎಂದು ಹೇಳಲಾಗುತ್ತದೆ. ಮಂದಿರ ಇದ್ದ ಜಾಗಕ್ಕೂ ಒಂದು ಬಂಡೆಯ ಗುರುತು ಬಂತು. ಮ್ಯಾಕ್‌ಡೊನಾಲ್ಡ್ 1916ರಲ್ಲಿ ತೀರಿಕೊಂಡ. ತನ್ನ ಕೆಲಸ ಮುಗಿಸಿಯೇ ಹೋದ.

ಆ ಪೀಠದ ಮೇಲೆ ಕೊರೆದಿರುವ ಬರಹವನ್ನು ಗಮನಿಸಬೇಕು. ಮೆನಾಮಿನಿಯ ಹೆಸರಿದೆ, ಅವನೊಡನೆ ಹೊರಟ 859 ಜನರ ಲೆಕ್ಕವಿದೆ, 1838ರ ಸೆಪ್ಟೆಂಬರ್ 4 ಎಂಬ ತಾರೀಖಿದೆ. ಅಷ್ಟಕ್ಕೇ ನಿಲ್ಲದೆ, ಅವರನ್ನು ಹೊರಡಿಸಿದ ಸೈನಿಕರ ಮುಖಂಡ ಜನರಲ್ ಜಾನ್ ಟಿಪ್ಟನ್ ಎಂದೂ ಅವನಿಗೆ ಅಧಿಕಾರ ಕೊಟ್ಟವನು ರಾಜ್ಯಪಾಲ ಡೇವಿಡ್ ವಾಲೇಸ್ ಎಂದೂ ಇದೆ. ನಡೆದ ಅನ್ಯಾಯವನ್ನು ನೆನೆಯುವ ಎಷ್ಟೋ ಸ್ಮಾರಕಗಳು ಅದು ತಾನಾಗಿಯೇ ನಡೆದುಹೋಯಿತೆಂಬಂತೆ ಮಾತನಾಡುತ್ತವೆ. ಜನ ಹೊರಟುಹೋದರು, ಕಾಲ ಬದಲಾಯಿತು ಎನ್ನುತ್ತವೆ. ಈ ಕಲ್ಲು ಕರ್ತೃಗಳನ್ನು ಹೆಸರಿಸುತ್ತದೆ. ಟಿಪ್ಟನ್‌ನ ಹೆಸರಿನಲ್ಲಿ ಇಂಡಿಯಾನಾದಲ್ಲೊಂದು ಕೌಂಟಿಯೇ ಇದೆ. ಅದೇ ಹೆಸರನ್ನು ಈ ಪೀಠದ ಮೇಲೆ ಈ ರೀತಿ ಕೊರೆಯಲು 1909ರಲ್ಲಿ ಸಣ್ಣ ಎದೆಗಾರಿಕೆ ಸಾಕಾಗುತ್ತಿರಲಿಲ್ಲ. ಕಲ್ಲು ನೆಲವನ್ನು ಹಿಂದಕ್ಕೆ ಕೊಡಲಿಲ್ಲ, ನಿಜ. ಸತ್ತ ಮಕ್ಕಳ ಹೆಸರೂ ಅದರ ಮೇಲಿಲ್ಲ. ಆದರೂ ಸತ್ಯವನ್ನು ಸರ್ಕಾರಿ ಖರ್ಚಿನಲ್ಲಿ ಬರೆಸಿದ್ದು ಸಣ್ಣ ಕೆಲಸವಲ್ಲ.

ಆ ಬೀಜ ಮೊಳೆಯಲು ಮತ್ತೆ ಎರಡು ತಲೆಮಾರು ಬೇಕಾಯಿತು. 1970ರ ದಶಕದಿಂದ ಈಚೆಗೆ ಇಂಡಿಯಾನಾ, ಇಲಿನಾಯ್, ಮಿಸೂರಿ, ಕ್ಯಾನ್ಸಸ್‌ಗಳ ಸ್ಥಳೀಯ ಇತಿಹಾಸ ಸಂಘಗಳು, ಸ್ಕೌಟ್ ಹುಡುಗರು, ಪೊಟವಾಟಮಿ ಕುಟುಂಬಗಳು ಕೂಡಿ, ಡಗ್ಲಸ್‌ನ ದಿನಚರಿಯನ್ನು ಕೈಯಲ್ಲಿ ಹಿಡಿದು, ಒಂದೊಂದು ಬಿಡಾರದ ಜಾಗವನ್ನೂ ಹುಡುಕಿ ಕಲ್ಲು ನೆಟ್ಟರು. ಇಂದು ಆ ಸಾವಿನ ದಾರಿಯುದ್ದಕ್ಕೂ ಎಂಬತ್ತರಷ್ಟು ಗುರುತುಗಳಿವೆ. ನೂರೈವತ್ತು ವರ್ಷ ತುಂಬಿದ 1988ರಲ್ಲಿ ಮೊದಲ ಸ್ಮರಣ ಯಾತ್ರೆ ಹೊರಟಿತು. ಆಮೇಲೆ ಐದು ವರ್ಷಕ್ಕೊಮ್ಮೆ ಪೊಟವಾಟಮಿ ವಂಶಸ್ಥರೂ ನೆಲಸಿಗರ ವಂಶಸ್ಥರೂ ವಾಹನಗಳಲ್ಲಿ ಆ 660 ಮೈಲಿಯನ್ನು ಒಟ್ಟಿಗೆ ಕ್ರಮಿಸುತ್ತಾರೆ. 1990ರ ದಶಕದಲ್ಲಿ ನಾಲ್ಕೂ ರಾಜ್ಯಗಳ ಶಾಸನಸಭೆಗಳು ಇದನ್ನು ಐತಿಹಾಸಿಕ ದಾರಿಯೆಂದು ಸಾರಿದವು. ಕ್ಯಾನ್ಸಸ್‌ನ ಶುಗರ್ ಕ್ರೀಕಿನಲ್ಲಿ ದೊಡ್ಡ ಶಿಲುಬೆಗಳ ಮೇಲೆ ಅಲ್ಲಿ ಸತ್ತವರ ಹೆಸರುಗಳನ್ನು ಬರೆಯಲಾಗಿದೆ.

ಪೊಟವಾಟಮಿ ಜನ ಕಲ್ಲುಗಳಲ್ಲಿ ಮಾತ್ರ ಉಳಿದವರೆಂದು ಓದುಗರು ತಿಳಿಯಬಾರದು. ಕ್ಯಾನ್ಸಸ್‌ನಲ್ಲಿ ಪ್ರೇರಿ ಬ್ಯಾಂಡ್, ಒಕ್ಲಹೋಮಾದಲ್ಲಿ ಸಿಟಿಜನ್ ಪೊಟವಾಟಮಿ ನೇಷನ್ ಇಂದು ತಮ್ಮದೇ ಆಡಳಿತ ನಡೆಸುತ್ತಿವೆ. ತಮ್ಮ ಭಾಷೆಯನ್ನು ಮಕ್ಕಳಿಗೆ ಮತ್ತೆ ಕಲಿಸುತ್ತಿವೆ. ಲಿಯೊಪೋಲ್ಡ್ ಪೊಕಾಗನ್ ಎಂಬ ನಾಯಕ ಮಿಷಿಗನ್ನಿನಲ್ಲಿ ನೆಲವನ್ನು ಸರ್ಕಾರದಿಂದಲೇ ಹಣಕೊಟ್ಟು ಕೊಂಡು, ತನ್ನ ಜನರನ್ನು ಸ್ಥಳಾಂತರದಿಂದ ಉಳಿಸಿಕೊಂಡಿದ್ದ. ಅವನ ಸಂತತಿಯ ಪೊಕಾಗನ್ ಬ್ಯಾಂಡ್‌ಗೆ 1994ರಲ್ಲಿ ದೇಶದ ಸರ್ಕಾರದ ಮಾನ್ಯತೆ ಮರಳಿ ದೊರೆಯಿತು. ಅವರಲ್ಲಿ ಹಲವರು ಇಂದಿಗೂ ಸೌತ್ ಬೆಂಡ್ ಸುತ್ತಮುತ್ತ, ಪ್ಲಿಮತ್ತಿನಿಂದ ಬಹು ದೂರವಿಲ್ಲದ ಕಡೆ ವಾಸವಾಗಿದ್ದಾರೆ.

ಮೊದಲ ನೆಲಸಿಗರ ಪರಂಪರೆಯನ್ನು ಕೊಂಡಾಡುವ ಕೌಂಟಿಗಳು ಅಮೆರಿಕದಲ್ಲಿ ನೂರಾರು ಇವೆ. ಅವುಗಳಲ್ಲಿ ಮಾರ್ಷಲ್ ಕೌಂಟಿಯ ಸ್ಥಾನ ಮೇಲಿನದು ಎಂಬುದು ನನ್ನ ನಿಶ್ಚಿತ ಅಭಿಪ್ರಾಯ. ತನ್ನ ತಾಯಿತಂದೆಯರ ಬೆವರನ್ನು ಗೌರವಿಸುತ್ತಲೇ ಅವರು ಯಾರ ಜಾಗದಲ್ಲಿ ಬೆವರು ಸುರಿಸಿದರೆಂದು ಹೇಳುವ ಮಗನೊಬ್ಬ ಅಲ್ಲಿ ಬೆಳೆದ. ಕೆಲಸಕ್ಕಾಗಿ, ಓದಿಗಾಗಿ ಇಂಡಿಯಾನಾದಲ್ಲಿ, ಷಿಕಾಗೋದಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಿಗೆ ಒಂದು ವಿನಂತಿ. ಸೌತ್ ಬೆಂಡಿನಿಂದ ಇಂಡಿಯಾನಾಪೊಲಿಸ್‌ಗೆ 31ನೇ ಹೆದ್ದಾರಿಯಲ್ಲಿ ಹೋಗುವಾಗ ಪ್ಲಿಮತ್ ಬಳಿ ಇಳಿದು, ಟ್ವಿನ್ ಲೇಕ್ಸ್ ಕಡೆಗೆ ಸ್ವಲ್ಪ ದೂರ ತಿರುಗಿ. ಜೊತೆಗೆ ಮಕ್ಕಳಿದ್ದರೆ ಅವರನ್ನೂ ಕರೆದೊಯ್ಯಿರಿ. ಪೀಠದ ನಾಲ್ಕೂ ಮುಖಗಳ ಬರಹವನ್ನು ಅವರೇ ಓದಲಿ.